ಹಲಸೂರು ಕೆರೆಗೆ ಎಂಥ ಗಣಪತಿ?

ಶ್ರಾವಣ ಮುಗಿಯುತ್ತ ಬಂದಂತೆ ಕಮರ್ಷಿಯಲ್ ಸ್ಟ್ರೀಟ್‌ನ ವ್ಯಾಪಾರದ ಬಣ್ಣ ಬದಲಾಗುತ್ತದೆ. ಗೌರಿ ಬಾಗಿನಕ್ಕೆ ರವಿಕೆ ಕಣ, ದೇವರಿಗೆ ಉಡಿಸಲು ಜರಿಯಂಚಿನ ತುಂಡುಬಟ್ಟೆ, ಮಂಟಪದ ಬೆನ್ನಿಗೆ ಮಿಂಚುವ ಪರದೆ, ಬಾಗಿಲಿಗೆ ತೋರಣ, ಬಾಡದ ಹೂವು ಎಲ್ಲಕ್ಕೂ ಗಿರಾಕಿಗಳು ಬರುತ್ತಾರೆ. ಪಕ್ಕದ ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿ ಬೆಳ್ಳಿಯ ಮೂಷಿಕ, ಗೇಣುದ್ದದ ಕಿರೀಟ ಕೇಳುವವರಿರುತ್ತಾರೆ. ಬಾಳೆಕಂದು, ಗರಿಕೆ, ಎಕ್ಕದ ಹೂವು ಬೇಕಾದವರು ಸ್ವಲ್ಪ ದೂರ ನಡೆದು ರಸೆಲ್ ಮಾರ್ಕೆಟ್ ಕಡೆಗೆ ಹೋಗುತ್ತಾರೆ. ಹಬ್ಬ ಸೆಪ್ಟೆಂಬರ್ ಮೊದಲ ವಾರಕ್ಕೆ ಬಿದ್ದರಂತೂ ಶಿವಾಜಿನಗರದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಸೆಪ್ಟೆಂಬರ್ 8ರ ಸೇಂಟ್ ಮೇರಿ ಬಸಿಲಿಕಾದ ತೇರಿಗೆ ಬಂದವರೂ ಗಣಪನ ಸಾಮಾನು ಕೊಳ್ಳಲು ಬಂದವರೂ ಅವೇ ಬೀದಿಗಳಲ್ಲಿ ಮೈ ತಾಗಿಸಿಕೊಂಡು ನಡೆಯುತ್ತಾರೆ.

ಈ ಬೀದಿಯನ್ನು ನಡುವೆ ಇಟ್ಟುಕೊಂಡು ನೋಡಿದರೆ ಗಣೇಶನ ಇಡೀ ಬಾಳು ಎರಡು-ಮೂರು ಕಿಲೋಮೀಟರಿನೊಳಗೆ ಮುಗಿದುಹೋಗುತ್ತದೆ. ಉತ್ತರಕ್ಕೆ ಅವನು ಹುಟ್ಟುವ ಪಾಟರಿ ಟೌನ್ ಇದೆ, ಪೂರ್ವಕ್ಕೆ ಅವನು ಕರಗಬೇಕಾದ ಹಲಸೂರು ಕೆರೆ ಇದೆ. ನಡುವಿನ ಬೀದಿಗಳಲ್ಲಿ ಅವನ ಸಿಂಗಾರ ಕೊಳ್ಳುವುದಾಗುತ್ತದೆ. ಹಬ್ಬದಿಂದ ಕೆರೆ ಕೆಡುತ್ತದೆ ಎಂಬ ಮಾತು ಪ್ರತಿ ವರ್ಷ ಬರುತ್ತದೆ, ಆದರೆ ಅದು ಏಳುವುದು ವಿಸರ್ಜನೆಯ ದಿನ, ಕೆರೆಯ ದಂಡೆಯ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಕೆರೆಗೆ ಬೀಳುವುದು ಏನು ಎಂಬುದು ತಿಂಗಳುಗಳ ಹಿಂದೆಯೇ ಅಚ್ಚಿನ ಮನೆಯಲ್ಲಿ ತೀರ್ಮಾನವಾಗುತ್ತದೆ, ಉಳಿದದ್ದು ಅಂಗಡಿಯ ಗಲ್ಲಾದಲ್ಲಿ.

ಪಾಟರಿ ಟೌನ್ ದಂಡು ಪ್ರದೇಶದ ಹಳೆಯ ಕುಂಬಾರ ಕೇರಿ. ನೆಲದಡಿಯ ಮೆಟ್ರೊ ನಿಲ್ದಾಣಕ್ಕೂ ಈಗ ಇದೇ ಹೆಸರು. ಇಲ್ಲಿನ ಮನೆಗಳಲ್ಲಿ ಮಡಕೆ, ಹಣತೆ, ದಸರೆಯ ಗೊಂಬೆ, ಗಣಪತಿ ಹೀಗೆ ವರ್ಷವಿಡೀ ಮಣ್ಣಿನ ಕೆಲಸ ನಡೆಯುತ್ತದೆ. ಗಣಪನ ಕೆಲಸ ಹಬ್ಬಕ್ಕೆ ಬಹಳ ಮುಂಚೆಯೇ ಶುರುವಾಗುತ್ತದೆ. ಮಣ್ಣನ್ನು ನೆನೆಹಾಕಿ, ಕಲ್ಲು, ಬೇರು, ಕಸ ಆರಿಸಿ, ತುಳಿದು ಹದಕ್ಕೆ ತರಬೇಕು. ಅಚ್ಚಿನ ಎರಡು ಹೋಳುಗಳಿಗೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗುತ್ತಾರೆ. ಒಂದೆಡೆ ದಪ್ಪ, ಒಂದೆಡೆ ತೆಳು ಆಯಿತೋ, ಒಣಗುವಾಗ ಅಲ್ಲೇ ಸೀಳುತ್ತದೆ. ಅಂಚಿಗೆ ನೀರುಮಣ್ಣು ಸವರಿ ಎರಡನ್ನೂ ಕೂಡಿಸಿ, ಸಂದು ಕಾಣದಂತೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಸೊಂಡಿಲು, ಕಿವಿ, ಕೈ, ಮೋದಕ ಆಮೇಲೆ ಒಂದೊಂದಾಗಿ ಬಂದು ಕೂರುತ್ತವೆ. ಆನಂತರ ಬರುವುದು ಕಾಯುವ ಕೆಲಸ. ಬಿಸಿಲಿಗಿಟ್ಟರೆ ಬಿರುಕು, ಆದ್ದರಿಂದ ನೆರಳಲ್ಲೇ ಒಣಗಬೇಕು. ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ನೆರಳಿನಲ್ಲಿ ಒಣಗುವುದೆಂದರೆ ದಿನಗಳಲ್ಲ, ವಾರಗಳು.

ಇದೇ ಕೇರಿಗಳಲ್ಲಿ ಬಾಳುತ್ತ ಬಂದ ತಮಿಳು ಕುಟುಂಬಗಳ ಸಂಪ್ರದಾಯದಲ್ಲಿ ಇನ್ನೂ ಸರಳವಾದ ಗಣಪನಿದ್ದಾನೆ. ಹಬ್ಬದ ದಿನವೇ ಮರದ ಅಚ್ಚಿಗೆ ಹಸಿ ಜೇಡಿಮಣ್ಣು ಒತ್ತಿ ತೆಗೆದ ಪಿಳ್ಳೈಯಾರ್. ಬಣ್ಣವಿಲ್ಲ. ಕಣ್ಣಿಗೆ ಎರಡು ಗುಲಗಂಜಿ, ಕೊರಳಿಗೆ ಎಕ್ಕದ ಮಾಲೆ, ತಲೆಯ ಮೇಲೊಂದು ಬಣ್ಣದ ಕಾಗದದ ಕೊಡೆ. ಗುಲಗಂಜಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಟ್ಟರಾಯಿತು, ಅದರ ಬೀಜ ವಿಷ. ಆ ಮೂರ್ತಿಯನ್ನು ಯಾವ ನೀರಿಗೆ ಬಿಟ್ಟರೂ ನೀರು ಹೆದರಬೇಕಾದದ್ದು ಏನೂ ಇಲ್ಲ. ಪರಿಸರಸ್ನೇಹಿ ಗಣೇಶ ಎಂದು ಈಗ ಯಾವುದನ್ನು ಹೊಸದಾಗಿ ಹುಡುಕುತ್ತಿದ್ದೇವೋ ಅದು ನಮ್ಮ ಫುಟ್‌ಪಾತಿನ ಮೇಲೆ ಮೊದಲೇ ಇತ್ತು.

ಮಣ್ಣಿನ ಮೂರ್ತಿಗೆ ಪೂಜೆಯಲ್ಲೇ ಒಂದು ಲೆಕ್ಕವಿದೆ. ಹಬ್ಬದ ದಿನ ಪ್ರಾಣಪ್ರತಿಷ್ಠೆ, ಮುಗಿದ ಮೇಲೆ ಉತ್ತರಪೂಜೆ, ಉದ್ವಾಸನೆ. ಅದಾದ ಮೇಲೆ ಉಳಿಯುವುದು ಮಣ್ಣು, ಅದು ನೀರಿಗೆ ಸೇರಬೇಕು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಗೌರಿಯನ್ನು ಕೆರೆದಂಡೆಯಿಂದಲೇ ಮನೆಗೆ ಕರೆತರುವ ರೂಢಿಯಿದೆ. ಬೇಸಿಗೆಯಲ್ಲಿ ಕೆರೆ ತಳ ಕಂಡಾಗ ಕುಂಬಾರರು ಗಾಡಿಗಟ್ಟಲೆ ಮಣ್ಣು ಎತ್ತುತ್ತಿದ್ದರು, ಕೆರೆಗೆ ಹೂಳು ತೆಗೆದಂತಾಗುತ್ತಿತ್ತು. ಭಾದ್ರಪದದಲ್ಲಿ ಕೆರೆ ತುಂಬಿದಾಗ ಅದರಲ್ಲಿ ಒಂದಂಶ ಮೂರ್ತಿಯಾಗಿ ಹಿಂದಿರುಗುತ್ತಿತ್ತು. ಕೆರೆಗೆ ಇದರಿಂದ ಲಾಭವೇ ಆಗುತ್ತಿತ್ತು.

ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಈ ಲೆಕ್ಕವನ್ನು ತಪ್ಪಿಸಿತು. ಅದು ಜಿಪ್ಸಂ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿನಂಶ ಇಳಿಸಿದ ಪುಡಿ. ನೀರು ಬೆರೆಸಿ ಅಚ್ಚಿಗೆ ಹೊಯ್ದರೆ ಅರ್ಧ ಗಂಟೆಯೊಳಗೆ ಗಟ್ಟಿಯಾಗಿ ಮತ್ತೆ ಜಿಪ್ಸಂ ಆಗುತ್ತದೆ. ಮಳೆಗಾಲ ಅದನ್ನು ಕಾಡುವುದಿಲ್ಲ, ಬಿರುಕು ಬಿಡುವುದಿಲ್ಲ. ಹಗುರವಾದ್ದರಿಂದ ಲಾರಿಯಲ್ಲಿ ನೂರಾರು ಮೈಲಿ ಸಾಗಿಸಬಹುದು, ಒಬ್ಬರೇ ಎತ್ತಬಹುದು. ಕುಂಬಾರನ ವಾರಗಳ ಕೆಲಸ ಪಿಒಪಿ ಅಚ್ಚಿನವನಿಗೆ ಒಂದು ದಿನದ್ದು. ಬೆಲೆಯ ವ್ಯತ್ಯಾಸ ಬಂದದ್ದು ಇಲ್ಲಿಂದಲೇ. ಅಗ್ಗದ್ದನ್ನು ಕೊಂಡ ಗಿರಾಕಿಯನ್ನು ಬೈದು ಪ್ರಯೋಜನವಿಲ್ಲ.

ನೀರಿನಲ್ಲಿ ಅದರ ಗತಿ ಬೇರೆ. ಒಂದು ಲೀಟರ್ ನೀರು ಕರಗಿಸಿಕೊಳ್ಳಬಲ್ಲ ಜಿಪ್ಸಂ ಎರಡೂವರೆ ಗ್ರಾಮಿನ ಆಸುಪಾಸು, ಅಷ್ಟೇ. ಐದು ಕಿಲೋ ತೂಗುವ ಮೂರ್ತಿ ಪೂರ್ತಿ ಕರಗಲು ಸುಮಾರು ಎರಡು ಸಾವಿರ ಲೀಟರ್ ನೀರು ಬೇಕು, ಅದೂ ಬಹಳ ನಿಧಾನಕ್ಕೆ. ಬಕೆಟ್ಟಿನಲ್ಲಿ ಅದು ಕರಗುವ ಮಾತೇ ಇಲ್ಲ. ಸಾವಿರಾರು ಮೂರ್ತಿಗಳು ಕೆರೆಯ ಒಂದೇ ಮೂಲೆಗೆ ಬಿದ್ದರೆ ಕೈಕಾಲು ಮುರಿದ ದೇವರುಗಳು ತಿಂಗಳುಗಟ್ಟಲೆ ತಳದಲ್ಲಿ ಬಿದ್ದಿರುತ್ತವೆ. ಭಕ್ತಿಯಿಂದ ಪೂಜಿಸಿದ ಮೂರ್ತಿಯನ್ನು ಮರುದಿನ ಜೆಸಿಬಿ ಬಾಯಿಂದ ಎತ್ತುವುದನ್ನು ನೋಡಿದವರಿಗೆ ಇದು ಪರಿಸರದ ಪ್ರಶ್ನೆ ಮಾತ್ರವಲ್ಲ, ದೇವರ ಮರ್ಯಾದೆಯ ಪ್ರಶ್ನೆಯೂ ಹೌದು ಎಂಬುದು ಗೊತ್ತಾಗುತ್ತದೆ. ಇನ್ನು ಬಣ್ಣ. ಹೊಳೆಯುವ ಹಳದಿ, ಕೇಸರಿ, ಕೆಂಪು ಕೊಡುವ ಅಗ್ಗದ ರಾಸಾಯನಿಕ ಬಣ್ಣಗಳಲ್ಲಿ ಸೀಸ, ಕ್ರೋಮಿಯಂನಂಥ ಭಾರಲೋಹಗಳು ಇರುವುದುಂಟು. ಅವು ಕೊಳೆತು ಹೋಗುವಂಥವಲ್ಲ. ಕೆಸರಿಗೆ ಸೇರುತ್ತವೆ, ಕೆಸರು ಮೇಯುವ ಹುಳಕ್ಕೆ, ಹುಳ ತಿನ್ನುವ ಮೀನಿಗೆ ಏರುತ್ತವೆ. ಆದ್ದರಿಂದ ಮಣ್ಣಿನದೇ ಮೂರ್ತಿಯಾದರೂ ಎನಾಮೆಲ್ ಬಳಿದಿದ್ದರೆ ಅದು ನೀರಿಗೆ ನಿರಪಾಯವಲ್ಲ. ಈ ಮಾತನ್ನು ಮಾರುವವರೂ ಕೊಳ್ಳುವವರೂ ಮರೆಯುತ್ತಾರೆ.

ಕಾನೂನಿಗೇನೂ ಕೊರತೆಯಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲೇ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿತ್ತು. 2020ರ ಮೇ ತಿಂಗಳಲ್ಲಿ ಅದನ್ನು ಪರಿಷ್ಕರಿಸಿ ಪಿಒಪಿ, ಪ್ಲಾಸ್ಟಿಕ್, ಥರ್ಮೊಕೋಲ್ ಮೂರ್ತಿಗಳು ಬೇಡವೆಂದು ಖಚಿತವಾಗಿ ಹೇಳಿತು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕೂ ಮುಂಚೆ, 2016ರಲ್ಲೇ, 1974ರ ಜಲ ಕಾಯ್ದೆಯ ಬಲದಿಂದ ಪಿಒಪಿ ಮತ್ತು ರಾಸಾಯನಿಕ ಬಣ್ಣದ ಮೂರ್ತಿಗಳನ್ನು ಕೆರೆ-ನದಿಗೆ ಬಿಡದಂತೆ ಆದೇಶ ಮಾಡಿತು. ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಪಿಒಪಿ ಮೂರ್ತಿ ಮಾರಾಟದ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಾರಾಟಕ್ಕೆ ತಡೆಯೊಡ್ಡಿದ್ದ ಮದ್ರಾಸ್ ಹೈಕೋರ್ಟ್ ಪೀಠದ ಆದೇಶದಲ್ಲಿ ಕೈಹಾಕಲು ಅದು ಒಪ್ಪಲಿಲ್ಲ. ಹೀಗಿದ್ದೂ ಪ್ರತಿ ವರ್ಷ ಪಿಒಪಿ ಮೂರ್ತಿಗಳು ಬೆಂಗಳೂರಿನ ಕಲ್ಯಾಣಿಗಳಲ್ಲಿ ತೇಲುತ್ತವೆ.

ಆದರೆ ಹಲಸೂರು ಕೆರೆ ಕೆಟ್ಟದ್ದು ಗಣಪತಿಯಿಂದ ಎನ್ನುವುದು ಅರ್ಧ ಸತ್ಯಕ್ಕಿಂತಲೂ ಕಡಿಮೆ. 2016ರ ಮಾರ್ಚ್‌ನಲ್ಲಿ ಈ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿ ದಡಕ್ಕೆ ಬಂದವು. ಆಗ ಹಬ್ಬಕ್ಕೆ ಇನ್ನೂ ಆರು ತಿಂಗಳಿತ್ತು. ಸುತ್ತಲಿನ ಬಡಾವಣೆಗಳ ರಾಜಕಾಲುವೆಗಳು ಮಳೆನೀರಿನ ಜೊತೆ ಚರಂಡಿ ನೀರನ್ನೂ ಕೆರೆಗೆ ತರುತ್ತಿದ್ದವು. ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರುತ್ತವೆ, ಬೇಸಿಗೆಯ ಬಿಸಿ ನೀರಿನಲ್ಲಿ ಅದು ಮೊದಲೇ ಕಡಿಮೆ ಇರುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಹಬ್ಬದಲ್ಲಿ ಬೀಳುವ ಹೂವು, ಬಾಳೆಕಂದು, ಎಲೆ, ಹಣ್ಣು ಮಾಡುವುದೂ ಇದನ್ನೇ, ಆದರೆ ಹತ್ತು-ಹನ್ನೊಂದು ದಿನಗಳಲ್ಲಿ ಒಮ್ಮೆಲೇ. ವರ್ಷವಿಡೀ ಏದುಸಿರು ಬಿಡುವ ಕೆರೆಗೆ ಈ ಹೊರೆ ಸಣ್ಣದಲ್ಲ. ಹಬ್ಬದ ಜನರಿಗೆ ಶಿಸ್ತು ಹೇಳುವ ನಗರಾಡಳಿತ ತನ್ನ ಚರಂಡಿಯ ಬಗ್ಗೆಯೂ ಅಷ್ಟೇ ಶಿಸ್ತಿನಿಂದ ಇರಬೇಕೆಂದು ಕೇಳುವ ಹಕ್ಕು ಭಕ್ತರಿಗಿದೆ. ಕೇಳಬೇಕು ಕೂಡ.

ಇನ್ನೊಂದು ಸಂಗತಿ ನಕ್ಷೆ ನೋಡಿದರೆ ಮಾತ್ರ ಹೊಳೆಯುತ್ತದೆ. ದಂಡು ಪ್ರದೇಶದ ಅಂಚಿನಲ್ಲಿ ಹಿಂದೆ ಬೇರೆ ಕೆರೆಗಳಿದ್ದವು. ಪಾಟರಿ ಟೌನ್‌ಗೆ ಹತ್ತಿರದಲ್ಲೇ ಇದ್ದ ಮಿಲ್ಲರ್ಸ್ ಟ್ಯಾಂಕ್ ಈಗ ರಸ್ತೆಯ ಹೆಸರಾಗಿ, ಭವನಗಳ ನೆಲವಾಗಿ ಉಳಿದಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಶೂಲೆ ಕೆರೆಯೂ ಹೋಯಿತು. ಹತ್ತು ಕೆರೆಗಳಿಗೆ ಹಂಚಿಹೋಗಬೇಕಾದ ಊರಿನ ಗಣಪತಿಗಳೆಲ್ಲ ಉಳಿದ ಒಂದೆರಡಕ್ಕೆ ಬರುತ್ತಿವೆ. ನೂರಿಪ್ಪತ್ತು ಎಕರೆಯಷ್ಟು ಹರಡಿದ ಹಲಸೂರು ಕೆರೆ, ಪೂರ್ವದ ಕೆ.ಆರ್.ಪುರದಲ್ಲಿ ವೆಂಗಯ್ಯನ ಕೆರೆ ಹೀಗೆ ಬೆರಳೆಣಿಕೆಯವು.

ಕಲ್ಯಾಣಿಗಳ ವ್ಯವಸ್ಥೆ ಬಂದದ್ದು ಈ ಒತ್ತಡದಿಂದ. ಹಲಸೂರು, ಸ್ಯಾಂಕಿ, ಯಡಿಯೂರು, ಹೆಬ್ಬಾಳ ಕೆರೆಗಳ ಬದಿಯಲ್ಲಿ ಗೋಡೆ ಕಟ್ಟಿ ಪ್ರತ್ಯೇಕಿಸಿದ ಕೊಳಗಳಿವೆ. ಹಬ್ಬಕ್ಕೆ ಮುಂಚೆ ನೀರು ತುಂಬಿಸಿ, ಹಬ್ಬ ಮುಗಿದ ಮೇಲೆ ಕೆಸರು, ಕಟ್ಟಿಗೆ, ಬಟ್ಟೆ ಎಲ್ಲ ಎತ್ತಿ ಖಾಲಿ ಮಾಡಬಹುದು. ಹಲಸೂರಿನಲ್ಲಿ ದೊಡ್ಡ ಮೂರ್ತಿಗಳಿಗೆ ಕ್ರೇನ್ ನಿಲ್ಲಿಸುತ್ತಾರೆ, ಈಜುಗಾರರಿರುತ್ತಾರೆ. ಈಚಿನ ವರ್ಷಗಳಲ್ಲಿ ನಗರದಾದ್ಯಂತ ನಲವತ್ತರಷ್ಟು ಕೆರೆ-ಕಲ್ಯಾಣಿಗಳ ಜೊತೆಗೆ 400ಕ್ಕೂ ಹೆಚ್ಚು ಸಂಚಾರಿ ತೊಟ್ಟಿಗಳು ಬೀದಿಗೆ ಬರುತ್ತಿವೆ. ಮನೆಮುಂದೆಯೇ ನಿಂತ ವಾಹನದ ತೊಟ್ಟಿಗೆ ಗಣಪನನ್ನು ಬಿಡುವುದು ಮೊದಲು ಹಲವರಿಗೆ ಒಪ್ಪಿಗೆಯಾಗಲಿಲ್ಲ. ಮನಸ್ಸು ಬದಲಾಯಿಸುವಲ್ಲಿ 2020ರ ಕೊರೊನಾ ವರ್ಷದ ಪಾಲು ದೊಡ್ಡದು. ಮನೆಯ ಮೂರ್ತಿ ಎರಡು ಅಡಿ, ಸಾರ್ವಜನಿಕ ಮೂರ್ತಿ ನಾಲ್ಕು ಅಡಿ ಮೀರಬಾರದು, ಕೆರೆಗೆ ಮೆರವಣಿಗೆ ಇಲ್ಲ ಎಂದಾಯಿತು. ಬಹಳಷ್ಟು ಮನೆಗಳು ಆ ವರ್ಷ ಮೊದಲ ಬಾರಿಗೆ ಬಕೆಟ್ಟಿನಲ್ಲಿ ವಿಸರ್ಜನೆ ಮಾಡಿದವು, ಆಮೇಲೂ ಅದನ್ನೇ ಮುಂದುವರಿಸಿದವರಿದ್ದಾರೆ.

ಕಲ್ಯಾಣಿಗೂ ಒಂದು ಮಿತಿಯಿದೆ. ಅದು ಕೊಳಕನ್ನು ಒಂದೆಡೆ ಹಿಡಿದಿಡುತ್ತದೆ, ಇಲ್ಲವಾಗಿಸುವುದಿಲ್ಲ. ಕೇಂದ್ರ ಮಂಡಳಿಯ ಮಾರ್ಗಸೂಚಿ ತೊಟ್ಟಿಯ ತಳಕ್ಕೆ ಹಾಳೆ ಹಾಸಬೇಕು, ಹೂವು-ಬಟ್ಟೆ-ಅಲಂಕಾರ ಮೊದಲೇ ಬೇರ್ಪಡಿಸಬೇಕು, ವಿಸರ್ಜನೆಗೆ ಮುಂಚೆ, ನಡುವೆ ಮತ್ತು ನಂತರ ನೀರಿನ ಪರೀಕ್ಷೆಯಾಗಬೇಕು ಎನ್ನುತ್ತದೆ. ಎತ್ತಿದ ಪಿಒಪಿ ತುಂಡುಗಳು ಕೊನೆಗೆ ಯಾವ ಕ್ವಾರಿಗೆ ಹೋದವು, ಕಲ್ಯಾಣಿಯ ನೀರು ಯಾವ ಮೋರಿಗೆ ಹರಿಯಿತು ಎಂಬುದನ್ನೂ ಪ್ರತಿ ವಾರ್ಡಿನಲ್ಲಿ ಬೋರ್ಡು ಬರೆದು ಹಾಕಿದರೆ ಜನರಿಗೆ ನಂಬಿಕೆ ಬರುತ್ತದೆ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂತು. ವಿಸರ್ಜನೆಗಳು ನಡೆಯುತ್ತಿರುವಾಗಲೇ, ಸೆಪ್ಟೆಂಬರ್ 2ರಂದು, ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳು ಬಂದವು. ಶಿವಾಜಿನಗರ, ಹಲಸೂರು ಕೇಂದ್ರ ಪಾಲಿಕೆಗೆ, ಕೆ.ಆರ್.ಪುರ ಪೂರ್ವ ಪಾಲಿಕೆಗೆ ಸೇರಿವೆ. ಚಿಕ್ಕ ಪಾಲಿಕೆಗೆ ಇಂಥ ಲೆಕ್ಕ ಇಡುವುದು ಸುಲಭವಾಗಬೇಕು.

ಮತ್ತೆ ಅಂಗಡಿಗೆ ಬರೋಣ. ಮೂರ್ತಿ ಮಣ್ಣಿನದೇ, ಆದರೆ ಅದರ ಸುತ್ತ ಏನಿದೆ? ಥರ್ಮೊಕೋಲ್ ಮಂಟಪ, ಪ್ಲಾಸ್ಟಿಕ್ ಮಾವಿನೆಲೆ, ನೈಲಾನ್ ಹೂಮಾಲೆ, ಅಂಟಿಸಿದ ಗಾಜಿನ ಹರಳು. 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೊಕೋಲ್ ಕೂಡ ಇದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ಅಂಗಡಿಗಳೇ ಇದಕ್ಕೆ ಒಳ್ಳೆಯ ಬದಲಿ ಕೊಡಬಲ್ಲವು. ಹತ್ತಿ, ರೇಷ್ಮೆಯ ತುಂಡುಬಟ್ಟೆಯ ಹಿನ್ನೆಲೆ, ಬಿದಿರಿನ ಚೌಕಟ್ಟಿನ ಮಂಟಪ, ಜರಿಯ ತೋರಣ ವರ್ಷ ವರ್ಷವೂ ಮಡಿಚಿಟ್ಟು ತೆಗೆಯಬಹುದಾದಂಥವು. ಅಜ್ಜಿ ಕಾಲದ ಮರದ ಮಂಟಪ ಅಟ್ಟದಲ್ಲಿದ್ದರೆ ಅದನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಕೆಲವು ಮನೆಗಳಲ್ಲಿ ಬೆಳ್ಳಿ ಅಥವಾ ಹಿತ್ತಾಳೆಯ ಗಣಪತಿಯನ್ನಿಟ್ಟು, ಜೊತೆಗೆ ಅರಿಸಿನದ ಪುಟ್ಟ ಗಣಪನನ್ನು ಮಾಡಿ ಅದನ್ನಷ್ಟೇ ನೀರಿಗೆ ಬಿಡುತ್ತಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2022ರಲ್ಲಿ ಹತ್ತು ಲಕ್ಷ ಅರಿಸಿನ ಗಣೇಶನ ಅಭಿಯಾನ ಹಮ್ಮಿಕೊಂಡಾಗ ನೆಚ್ಚಿದ್ದು ಈ ಹಳೆಯ ಪದ್ಧತಿಯನ್ನೇ.

ಬಂಗಾಳಿಗಳ ದುರ್ಗೆಯೂ ಈ ಕೆರೆಗೆ ಪರಿಚಿತಳು. ಹಲಸೂರಿನ ಆರ್‌ಬಿಎಎನ್‌ಎಂಎಸ್ ಮೈದಾನ ದುರ್ಗಾಪೂಜೆಗೆ ಹೆಸರಾದ ಜಾಗ. ದುರ್ಗೆಯ ಮೂರ್ತಿ ಬಿದಿರು ಮತ್ತು ಹುಲ್ಲಿನ ಅಸ್ಥಿಪಂಜರದ ಮೇಲೆ ಮೆತ್ತಿದ ಮಣ್ಣು. ಕೋಲ್ಕತ್ತದಲ್ಲಿ ಹೂಗ್ಲಿಗೆ ಬಿಟ್ಟ ಮೂರ್ತಿಯ ಚೌಕಟ್ಟನ್ನು ಕ್ರೇನ್‌ನಲ್ಲಿ ಕೂಡಲೇ ಎತ್ತಿಬಿಡುತ್ತಾರೆ. ಅಲ್ಲಿನ ತ್ರಿಧಾರಾ ಸಮ್ಮಿಲನಿ ಎಂಬ ಪೂಜಾ ಸಮಿತಿ ಒಮ್ಮೆ ನದಿಗೇ ಹೋಗದೆ ಪೈಪಿನ ನೀರು ಹಾಯಿಸಿ ಮೂರ್ತಿಯನ್ನು ಕರಗಿಸಿತು. ದೊಡ್ಡ ಸಾರ್ವಜನಿಕ ಗಣಪತಿಗಳಿಗೂ ಈ ಕ್ರಮ ಹೊಂದುತ್ತದೆ. ಒಳಗೆ ಹುಲ್ಲು-ಬಿದಿರು, ಹೊರಗೆ ಮಣ್ಣು, ಚೌಕಟ್ಟು ಮರುವರ್ಷಕ್ಕೆ.

ಮನೆಯ ವಿಸರ್ಜನೆ ಕಷ್ಟದ ಕೆಲಸವಲ್ಲ. ಉತ್ತರಪೂಜೆಯಾದ ಮೇಲೆ ಹಾರ, ಗೆಜ್ಜೆವಸ್ತ್ರ, ಜನಿವಾರ, ಆಭರಣ ತೆಗೆಯಬೇಕು. ಮೂರ್ತಿ ಮುಳುಗುವಷ್ಟು ನೀರಿರುವ ಬಕೆಟ್ಟಿನಲ್ಲಿ ನಿಧಾನ ಇಳಿಸಿದರೆ, ಸುಡದ ಮಣ್ಣಿನ ಗೇಣುದ್ದದ ಗಣಪ ಬೆಳಗಾಗುವಷ್ಟರಲ್ಲಿ ಕೆಸರಾಗಿರುತ್ತಾನೆ. ಬಣ್ಣ ಹಚ್ಚದ್ದಾದರೆ ಆ ಮಣ್ಣು ನೇರ ಗಿಡದ ಬುಡಕ್ಕೆ ಹೋಗಬಹುದು. ಇಂದಿರಾನಗರ, ಕೆ.ಆರ್.ಪುರದ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲ ಮನೆಗೂ ಸೇರಿ ಒಂದು ದೊಡ್ಡ ಡ್ರಮ್ ಇಟ್ಟರೆ ಆರತಿ, ಜೈಕಾರ, ಪ್ರಸಾದ ಎಲ್ಲವೂ ಅಲ್ಲೇ ಆಗುತ್ತದೆ. ಮಣ್ಣಿನಲ್ಲಿ ಬೀಜ ಸೇರಿಸಿ ಮಾಡಿದ ಗಣೇಶನನ್ನು ಕೊಂಡವರು ಕುಂಡವನ್ನೂ ಗೊಬ್ಬರವನ್ನೂ ಮೊದಲೇ ಸಿದ್ಧ ಮಾಡಿಕೊಳ್ಳಬೇಕು, ಇಲ್ಲವಾದರೆ ಬೀಜ ಬಕೆಟ್ಟಿನಲ್ಲೇ ಕೊಳೆಯುತ್ತದೆ.

ಗೊತ್ತಿಲ್ಲದೆ ಪಿಒಪಿ ತಂದಿದ್ದರೂ ದಾರಿಯಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಕಂಡುಕೊಂಡ ಕ್ರಮದಲ್ಲಿ ಬೇಕರಿಗಳಲ್ಲಿ ಬಳಸುವ ಅಮೋನಿಯಂ ಬೈಕಾರ್ಬನೇಟ್ ಪುಡಿಯನ್ನು ಬಕೆಟ್ಟಿನ ನೀರಿಗೆ ಬೆರೆಸಿ ಮೂರ್ತಿಯನ್ನು ಅದರಲ್ಲಿ ಮುಳುಗಿಸಿಡುತ್ತಾರೆ, ಆಗಾಗ ಕಲಕುತ್ತಾರೆ. ಎರಡು ದಿನಗಳಲ್ಲಿ ಜಿಪ್ಸಂ ಒಡೆದು ತಳದಲ್ಲಿ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್, ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್ ಉಳಿಯುತ್ತವೆ. ಎರಡನೆಯದು ರೈತರಿಗೆ ಪರಿಚಿತವಾದ ಗೊಬ್ಬರ. ಪುಣೆ ಮಹಾನಗರಪಾಲಿಕೆ ಈ ಪುಡಿಯನ್ನು ಜನರಿಗೆ ಉಚಿತವಾಗಿ ಹಂಚುತ್ತ ಬಂದಿದೆ. ಬೆಂಗಳೂರಿನ ಐದು ಪಾಲಿಕೆಗಳೂ ಇದನ್ನು ಮಾಡಬಹುದು. ಆದರೆ ಬಣ್ಣದ ಲೋಹಗಳು ಈ ಕ್ರಮದಿಂದಲೂ ಮಾಯವಾಗುವುದಿಲ್ಲ.

ಕೊಳ್ಳುವಾಗ ನೋಡುವುದು ಹೇಗೆ? ಮೂರ್ತಿಯನ್ನು ಎತ್ತಿ ನೋಡಿ. ಮಣ್ಣಿನದು ಗಾತ್ರಕ್ಕೆ ತಕ್ಕ ಭಾರವಿರುತ್ತದೆ. ಬಣ್ಣ ತಾಗದ ಅಡಿಭಾಗವನ್ನು ಉಗುರಿನಿಂದ ಗೀರಿದರೆ ಬೂದು ಅಥವಾ ಕಂದು ಮಣ್ಣು ಕಾಣುತ್ತದೆ, ಪಿಒಪಿಯಾದರೆ ಸೀಮೆಸುಣ್ಣದ ಬಿಳುಪು. ಒಂದು ಹನಿ ನೀರು ಹಾಕಿ ಉಜ್ಜಿದರೆ ಮಣ್ಣು ಬೆರಳಿಗೆ ಅಂಟುತ್ತದೆ.

ಇಷ್ಟೆಲ್ಲ ಮಾಡಿದರೂ ಪಾಟರಿ ಟೌನ್‌ನಲ್ಲಿ ಮಣ್ಣು ಬೇಕಲ್ಲ? ಬೆಂಗಳೂರಿನ ಕೆರೆಗಳು ಮುಚ್ಚಿಹೋದಂತೆ, ಉಳಿದವಕ್ಕೆ ಬೇಲಿ ಬಿದ್ದಂತೆ ಕುಂಬಾರರಿಗೆ ಒಳ್ಳೆಯ ಜೇಡಿಮಣ್ಣು ದೂರದಿಂದ ಬರಬೇಕಾಗಿದೆ. ಸಾಗಣೆಯ ಖರ್ಚು ಮೂರ್ತಿಯ ಬೆಲೆಗೆ ಸೇರುತ್ತದೆ, ಗಿರಾಕಿ ಅಗ್ಗದ ಪಿಒಪಿಯ ಕಡೆ ತಿರುಗುತ್ತಾನೆ. ಅತ್ತ ಊರಿನ ಕೆರೆಗಳ ಹೂಳೆತ್ತಲು ಸರ್ಕಾರವೇ ಹಣ ಸುರಿಯುತ್ತದೆ. ಹಾಗೆ ಎತ್ತಿದ ಹೂಳಿನಲ್ಲಿ ಚರಂಡಿಯ ವಿಷ ಸೇರಿಲ್ಲವೆಂದು ಪರೀಕ್ಷಿಸಿ, ಕುಂಬಾರಿಕೆಗೆ ಒದಗುವಂಥದನ್ನು ಬೇಸಿಗೆಯಲ್ಲೇ ಈ ಕೇರಿಗೆ ತಂದು ಸುರಿದರೆ ಹಣವೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ಮಳೆಗಾಲಕ್ಕೆ ಒಂದು ಒಣ ಮಾಡು ಕಟ್ಟಿಸಿಕೊಟ್ಟರೆ ಮೂರ್ತಿಗಳು ಬಿರುಕು ಬಿಡದೆ ಒಣಗುತ್ತವೆ. ಪಿಒಪಿ ಬೇಡವೆಂಬ ಎಚ್ಚರಿಕೆ ಈಗ ಜೋರಾಗಿ ಕೇಳುವುದು ಹಬ್ಬ ಹತ್ತಿರ ಬಂದಾಗ. ಆ ಹೊತ್ತಿಗೆ ಲಾರಿಗಳು ಊರು ಸೇರಿ, ಮೂರ್ತಿಗಳಿಗೆ ಮುಂಗಡ ಕೊಟ್ಟಾಗಿರುತ್ತದೆ. ವರ್ತಕ ಹಣ ಹೂಡುವ ಮುಂಚೆ, ಜನವರಿ-ಫೆಬ್ರುವರಿಯಲ್ಲೇ ಅದು ಅಚ್ಚಿನ ಮನೆಗಳಿಗೂ ಗೋದಾಮುಗಳಿಗೂ ಗಡಿಯ ಚೆಕ್‌ಪೋಸ್ಟುಗಳಿಗೂ ತಲುಪಿರಬೇಕು.